ಹಿಂಡು ತೆಗೆಯಿರಿ ಎಂದರೆ ಅಂಚು ಅಗೆದವರು

ಆ ಇಂಗ್ಲಿಷ್ ಕೈಪಿಡಿಯನ್ನು ಕನ್ನಡಕ್ಕೆ ತರಲು ನನಗೆ ಕೊಟ್ಟದ್ದು ಒಂಬತ್ತು ದಿನ. ಕೈಪಿಡಿ ಅನ್ನುವುದೂ ದೊಡ್ಡ ಮಾತಾಯಿತು. ಸ್ಟೆನ್ಸಿಲ್ ಕತ್ತರಿಸಿ ಉರುಳಿಸಿದ ಹದಿನಾಲ್ಕು ಹಾಳೆ; ಅರ್ಧ ಅಕ್ಷರಗಳು ಮಸಿ ಕುಡಿದು ಊದಿಕೊಂಡಿದ್ದವು, ಉಳಿದರ್ಧ ಮೂಡಿಯೇ ಇರಲಿಲ್ಲ. ಕೆರೆಗೆ ಮೀನುಮರಿ ಬಿಡುವ ಮುಂಚೆ ಏನೇನು ಮಾಡಬೇಕು ಎಂಬುದು ಅದರ ವಿಷಯ. ತೊಂಬತ್ತರ ದಶಕದ ಮೊದಲ ವರ್ಷಗಳು. ದೊಡ್ಡಬಳ್ಳಾಪುರದಲ್ಲಿ, ಪಕ್ಕದ ಮನೆಯ ಪವರ್‌ಲೂಮಿನ ಸದ್ದಿಗೆ ಕಿಟಕಿ ಗಾಜು ಅದುರುವ ಒಂದು ಬಾಡಿಗೆ ಕಟ್ಟಡದಲ್ಲಿ ನಮ್ಮ ಯೋಜನೆಯ ಕಚೇರಿ. ಊರೂರಿನ ಕೆರೆಗಳಿಗೆ ಮೀನುಮರಿ ಬಿಡಿಸುವುದು ಯೋಜನೆಯ ಕೆಲಸ. ನಾನು ಕ್ಷೇತ್ರ ಸಹಾಯಕ. ಇನ್ನೂ ಕಾಯಂ ಆಗಿರಲಿಲ್ಲ.

ಅನುವಾದ ನನ್ನ ಕೆಲಸವಲ್ಲ. ಆದರೆ ಆ ಕಚೇರಿಯಲ್ಲಿ ಪ್ರಾಣಿಶಾಸ್ತ್ರ ಓದಿದ್ದವನು ನಾನೊಬ್ಬನೇ. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗ ನಾನು, ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಇಂಗ್ಲಿಷನ್ನು ನಾನು ಮನೆಯಲ್ಲಿ ಕೇಳಿ ಕಲಿಯಲಿಲ್ಲ, ನಿಘಂಟು ತಿರುವಿ ಕಲಿತೆ. ಹಾಗೆ ಕಲಿತವನಿಗೆ ಒಂದು ಅಭ್ಯಾಸ ಅಂಟಿಕೊಳ್ಳುತ್ತದೆ: ಗೊತ್ತಿರುವ ಪದವನ್ನೂ ಇನ್ನೊಮ್ಮೆ ತೆಗೆದು ನೋಡುತ್ತಾನೆ. ಕಾನ್ವೆಂಟಿನಲ್ಲಿ ಓದಿ ಬಂದ ಯಾವ ಅಧಿಕಾರಿಗೂ ಈ ಅಭ್ಯಾಸ ಇದ್ದುದನ್ನು ನಾನು ಕಂಡಿಲ್ಲ.

ಆರನೆಯ ಹಾಳೆಯ ಕೊನೆಯ ಸಾಲಿನಲ್ಲಿ ಕೊರಮೀನಿನ ವಿಷಯವಿತ್ತು. ಕೊರಮೀನು ಬೇರೆ ಮೀನಿನ ಮರಿಗಳನ್ನು ತಿಂದು ಬದುಕುವ ಮೀನು. ತನ್ನ ಮರಿಗಳನ್ನು ಮಾತ್ರ ಗುಂಪಾಗಿ ಇಟ್ಟುಕೊಂಡು ಕಾಯುತ್ತದೆ ಎಂದು ಅಲ್ಲಿ ಹೇಳಿತ್ತು. ಅಲ್ಲಿಗೆ ಹಾಳೆ ಮುಗಿಯಿತು. ಏಳನೆಯ ಹಾಳೆಯ ತಲೆಯಲ್ಲಿ ಒಂದೇ ವಾಕ್ಯ: ‘ಶೋಲ್’ಗಳನ್ನು ಗುರುತಿಸಿ, ಮರಿ ಬಿಡುವ ಮುನ್ನ ತೆಗೆಯಬೇಕು.

ಶೋಲ್ ಎಂಬುದಕ್ಕೆ ನನ್ನ ನಿಘಂಟಿನಲ್ಲಿ ಎರಡು ನಮೂದುಗಳಿದ್ದವು. ಮೊದಲನೆಯದು, ಆಳವಿಲ್ಲದ ನೀರು, ನೀರೊಳಗಿನ ಮರಳದಿಣ್ಣೆ. ಎರಡನೆಯದು, ಮೀನಿನ ಹಿಂಡು. ಅಕ್ಷರ ಒಂದೇ, ಉಚ್ಚಾರ ಒಂದೇ, ಹುಟ್ಟು ಮಾತ್ರ ಬೇರೆ ಬೇರೆ. ವಾಕ್ಯಕ್ಕೆ ಯಾವುದು ಕೂರುತ್ತದೆ ಎಂದು ನನಗೆ ಅನುಮಾನವಿರಲಿಲ್ಲ. ಆದರೂ ಬಸ್ಸು ಹಿಡಿದು ತೂಬಗೆರೆ ಕಡೆಯ ಒಂದು ಕೆರೆಗೆ ಹೋದೆ. ಅಲ್ಲಿ ಏಳು ಮನೆಯವರು ಸೇರಿ ಮೀನುಗಾರರ ಒಂದು ಸಂಘ ಮಾಡಿಕೊಂಡಿದ್ದರು. ಸಂಘದ ಹಿರಿಯರನ್ನು ಎಲ್ಲರೂ ಯಜಮಾನರು ಅನ್ನುತ್ತಿದ್ದರು. ಅರವತ್ತು ದಾಟಿದ್ದರೂ ಬೀಸುಬಲೆ ಎಸೆದರೆ ಅದು ನೀರಿನ ಮೇಲೆ ಗುಂಡಗೆ ಬಿಚ್ಚಿಕೊಂಡು ಬೀಳುತ್ತಿತ್ತು.

“ಕೊರಮೀನು ಮರಿ ಹಿಂಡಾಗಿ ಇರ್ತದಾ ಯಜಮಾನ್ರೇ?” ಎಂದು ಕೇಳಿದೆ.

“ಇರ್ದೆ ಏನ್ ಸಾ? ಕೆಂಪಗೆ ಮ್ಯಾಲೆ ಬಂದು ಕುದೀತಾ ಇರ್ತದೆ, ಸಾರು ಕುದ್ದಂಗೆ. ಅದರ ಕೆಳಗೇ ಅಪ್ಪ ಅವ್ವ ಕಾವಲು. ಮರಿ ಹಿಂಡು ಎಲ್ಲಿ ಕಾಣ್ತದೋ ಅಲ್ಲೇ ಬಲೆ ಹಾಕ್ಬೇಕು. ಹಿಂಡು ಚದುರಿಹೋಯ್ತೋ, ಮುಗೀತು. ನೀವು ಬಿಟ್ಟ ಮರಿಯೆಲ್ಲಾ ಅವುಕ್ಕೆ ಪಲ್ಯ.”

ಹಿಂದಿನ ಎರಡು ವರ್ಷವೂ ಅಲ್ಲಿ ಆದದ್ದು ಅದೇ. ನಾವು ಬಿಟ್ಟ ಮರಿ ಕೆರೆಗೆ ಇಳಿಯಿತು, ಬಲೆಗೆ ಬರಲಿಲ್ಲ. ಮೂರನೆಯ ವರ್ಷವೂ ಬರದಿದ್ದರೆ ಕೆರೆಯನ್ನು ಸಂಘದಿಂದ ಕಿತ್ತು ಪಟ್ಟಣದ ಗುತ್ತಿಗೆದಾರನಿಗೆ ಹರಾಜು ಹಾಕುವುದೆಂದು ತೀರ್ಮಾನವಾಗಿತ್ತು. ಏಳು ಮನೆಗೂ ಅದು ಬಿಟ್ಟರೆ ಬೇರೆ ಕೆರೆ ಇರಲಿಲ್ಲ.

ನಾನು ‘ಕೊರಮೀನಿನ ಮರಿಹಿಂಡುಗಳನ್ನು ಗುರುತಿಸಿ, ಕಾವಲಿನ ಮೀನುಗಳ ಸಮೇತ ತೆಗೆಯಬೇಕು’ ಎಂದು ಬರೆದು ಸಾಹೇಬರ ಮೇಜಿನ ಮೇಲಿಟ್ಟೆ.

ನಮ್ಮ ಸಾಹೇಬರು ಕಡಲತೀರದ ಯಾವುದೋ ಬಂದರಿನಲ್ಲಿ ಬಹಳ ಕಾಲ ಇದ್ದು, ಬಡ್ತಿಯ ಮೇಲೆ ನಮ್ಮ ಬಯಲುಸೀಮೆಗೆ ಬಂದಿದ್ದವರು. ಕೆರೆಯ ಕಟ್ಟೆಯ ಮೇಲೆ ನಿಂತರೂ ಸಮುದ್ರವನ್ನೇ ನೋಡುತ್ತಿರುವಂತೆ ಕಣ್ಣು ಕಿರಿದು ಮಾಡುತ್ತಿದ್ದರು. ಬೂಟು ಒದ್ದೆಯಾದದ್ದನ್ನು ನಾನು ಒಮ್ಮೆಯೂ ಕಾಣಲಿಲ್ಲ.

“ಏನ್ರೀ ಇದು, ಹಿಂಡು? ಕುರಿ ಸಾಕಣೆ ಪುಸ್ತಕ ಬರೀತಾ ಇದ್ದೀರೇನ್ರೀ?”

“ಶೋಲ್ ಅಂದ್ರೆ ಇಲ್ಲಿ ಮೀನಿನ ಹಿಂಡು ಸಾರ್. ಹಿಂದಿನ ಹಾಳೆ ಕೊನೇಲಿ ಕೊರಮೀನಿನ ವಿಷಯ ಇದೆ, ಅದಕ್ಕೇ...”

“ಹಿಂದಿನ ಹಾಳೆ ಕಟ್ಕೊಂಡು ನನಗೇನ್ರೀ? ಜೀವಮಾನ ಎಲ್ಲಾ ಬಂದರಿನ ನಕ್ಷೆ ನೋಡಿದೀನಿ. ಶೋಲ್ ಅಂದ್ರೆ ದೋಣಿ ತಳ ತಾಗೋ ನೀರು. ಆಳ ಇಲ್ಲದ ನೀರು. ನೀವು ಓದಿದ್ದು ಯಾವ ಕಾಲೇಜು?”

ಹೇಳಿದೆ.

“ಅದೇ ಮತ್ತೆ,” ಎಂದು ಕೆಂಪು ಪೆನ್ನು ತೆಗೆದರು.

ಅವರು ಆರನೆಯ ಹಾಳೆಯನ್ನು ತಿರುಗಿಸಿಯೂ ನೋಡಲಿಲ್ಲ. ತಿರುಗಿಸಲು ಒಂದು ಬೆರಳು ಸಾಕಿತ್ತು. ತಿಳಿಯದವನನ್ನು ನಾನು ಹಗುರವಾಗಿ ಕಾಣುವುದಿಲ್ಲ. ನಮ್ಮ ಮನೆಯಲ್ಲಿ ಎಲ್ಲರೂ ತಿಳಿಯದವರೇ. ಕೈಗೆಟುಕುವ ಹಾಳೆಯನ್ನು ತಿರುಗಿಸದವನ ಬಗ್ಗೆ ಮಾತ್ರ ನನ್ನಲ್ಲಿ ಅಂದು ಹುಟ್ಟಿದ ತಿರಸ್ಕಾರ ಇಂದಿಗೂ ಇಳಿದಿಲ್ಲ.

ಮುಖ್ಯ ಗುಮಾಸ್ತರು ನನ್ನನ್ನು ಬಾಗಿಲ ಹೊರಗೆ ಕರೆದು, “ಬರ್ದ್‌ಬಿಡಿ ಗುರು,” ಅಂದರು. “ಹಿಂಡೋ ಗುಂಡೋ, ನಿಮಗೇನಾಗ್ಬೇಕು? ನಿಮ್ಮ ಕಾಯಂ ಫೈಲು ಆ ಮೇಜಿನ ಮೇಲೇ ಕೂತಿದೆ.”

ಬರೆದೆ. ‘ಕೆರೆಯಲ್ಲಿ ಆಳವಿಲ್ಲದ ನೀರಿನ ಜಾಗಗಳನ್ನು ಗುರುತಿಸಿ, ಮರಿ ಬಿಡುವ ಮುನ್ನ ತೆಗೆದುಹಾಕತಕ್ಕದ್ದು.’ ತಪ್ಪೆಂದು ತಿಳಿದು, ದುಂಡಗಿನ ಅಕ್ಷರದಲ್ಲಿ ಬರೆದು, ಕೆಳಗೆ ಭಾಷಾಂತರಕಾರ ಎಂದು ಸಹಿ ಹಾಕಿದೆ. ಅದು ಅಚ್ಚಾಗಿ ಕರಪತ್ರವಾಯಿತು.

ಅಚ್ಚಾದ ಮಾತು ಅಚ್ಚಿನಲ್ಲೇ ಇದ್ದಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಸಾಹೇಬರಿಗೆ ಅದನ್ನು ಜಾರಿಗೆ ತರುವ ಹುಮ್ಮಸ್ಸು ಬಂತು. ಶ್ರಾವಣದ ಹೊತ್ತಿಗೆ ಕೆರೆಗೆ ಅರ್ಧ ನೀರು ಬಂದಿತ್ತು. ಗುರುವಾರ ಮರಿ ಬರುವುದಿತ್ತು. ಸೋಮವಾರ ಇಪ್ಪತ್ತೆರಡು ಕೂಲಿಯಾಳುಗಳು, ಗುದ್ದಲಿ, ಮಂಕರಿಗಳೊಂದಿಗೆ ತೂಬಗೆರೆ ಕಡೆಯ ಆ ಕೆರೆಗೇ ಹೋಗಿ, ಅಂಚಿನ ಮಣ್ಣು ಅಗೆಸಿ ತೆಳುನೀರನ್ನು ಇಲ್ಲದಂತೆ ಮಾಡತಕ್ಕದ್ದು ಎಂದು ನನಗೆ ಆದೇಶ. ಮಸ್ಟರ್ ರೋಲ್, ಅಂದರೆ ಹಾಜರಿ ಪಟ್ಟಿ, ನನ್ನ ಕೈಯಲ್ಲಿ.

ಯಜಮಾನರ ತಂಗಿ ಕಟ್ಟೆಯ ಮೇಲೆ ಬುಟ್ಟಿ ಇಟ್ಟುಕೊಂಡು ಕೂತಿದ್ದರು. ದೊಡ್ಡಬಳ್ಳಾಪುರದ ಸಂತೆಯಲ್ಲಿ ಮೀನು ಮಾರುವವರು. ಅವರ ಬಾಯಿಗೆ ಸಂತೆಯೇ ಹೆದರುತ್ತಿತ್ತು.

“ಏನ್ ಸಾ, ಕೆರೆಗೆ ಕೆರೆ ತೋಡೋಕ್ ಬಂದ್ರಾ?”

“ಆಳ ಇಲ್ಲದ ನೀರು ತೆಗೀಬೇಕಂತೆ ಅಕ್ಕ. ಆದೇಶ ಆಗಿದೆ.”

“ಅಂಚು ತೆಗೆದ್ರೆ ಅದರ ಪಕ್ಕದ್ದು ಅಂಚಾಗ್ತದೆ. ಅದನ್ನೂ ತೆಗೀತೀರಾ. ಅದರ ಪಕ್ಕದ್ದು? ಹಿಂಗೇ ತೂಬಗೆರೆ ಬಸ್‌ಸ್ಟ್ಯಾಂಡ್ ತನಕ ಅಗೀತೀರಾ?”

ಕೂಲಿಯವರು ನಕ್ಕರು. ನನಗೆ ನಗು ಬರಲಿಲ್ಲ.

“ದನ ಎಲ್ ಇಳೀಬೇಕು ನೀರಿಗೆ? ಬಾವಿಗೆ ಹಾರ್ಕೊಂಡಂಗೆ ಹಾರ್ಕೋಬೇಕಾ? ಓದಿದೋರು ನೀವು, ಹೇಳಿ.”

ಓದಿದವನು ಗುದ್ದಲಿ ಹಾಕಿಸಿದ. ಮೊದಲ ಒಂದು ಗಂಟೆಯಲ್ಲೇ ರಾಡಿ ಹತ್ತು ಮಾರು ಒಳಕ್ಕೆ ಹಬ್ಬಿತು. ಯಜಮಾನರು ಮಂಡಿಯುದ್ದ ನೀರಿನಲ್ಲಿ ನಿಂತು ಅತ್ತಲೇ ನೋಡುತ್ತಿದ್ದವರು ನನ್ನನ್ನು ಕೈ ಬೀಸಿ ಕರೆದರು. ಜೊಂಡಿನ ಪಕ್ಕದಲ್ಲಿ ಕೆಂಪು ಮರಿಗಳ ಹಿಂಡು ಕಾಣುತ್ತಿತ್ತು, ತಟ್ಟೆಯಗಲ. ರಾಡಿ ಹತ್ತಿರ ಬಂದಂತೆ ಅದು ಒಮ್ಮೆಗೇ ಮುಳುಗಿ, ಆಳದ ಕಡೆ ಇನ್ನಷ್ಟು ದೂರದಲ್ಲಿ ಎದ್ದಿತು.

“ನಾಕ್ ಹಿಂಡು ಇದಾವೆ ಕಣಪ್ಪಾ,” ಅಂದರು. ಅದುವರೆಗೆ ಸಾ ಅನ್ನುತ್ತಿದ್ದವರು ಆಗ ಅಪ್ಪಾ ಅಂದದ್ದು ನನಗೆ ಚೆನ್ನಾಗಿ ನೆನಪಿದೆ. “ನೀನು ಹಿಂಗೇ ಕಲಕ್ತಾ ಹೋದ್ರೆ ಮಧ್ಯಾಹ್ನದೊಳಗೆ ನಡುಗೆರೆ ಸೇರ್ಕೊಂತವೆ. ಆಮ್ಯಾಲೆ ಗುರುವಾರ ಮರಿ ತಂದು ಬಿಡೋದೂ ಒಂದೇ, ರಸ್ತೇಗ್ ಸುರಿಯೋದೂ ಒಂದೇ.”

ಗುದ್ದಲಿ ಕೆಳಗಿಡಲು ಹೇಳಿದೆ. ಮೇಸ್ತ್ರಿ, “ಕೂಲಿ?” ಅಂದ. “ಹಾಜರಿ ಇದ್ದೇ ಇದೆ. ಕೆಲಸ ಬೇರೆ,” ಅಂದೆ. ಮುಂದಿನ ಎರಡು ದಿನ ಆ ಕೆರೆಯಲ್ಲಿ ಯಜಮಾನರು ಹೇಳಿದ್ದೇ ಆದೇಶ.

ರಾಡಿ ತಿಳಿಯಾಗಲು ಬಿಸಿಲೇರುವ ತನಕ ಎಲ್ಲರೂ ದಡದಲ್ಲಿ ಸುಮ್ಮನೆ ಕೂತೆವು. ಬೀಡಿ ಕೂಡ ಬೇಡ ಅಂದರು. ಹಿಂಡು ಉಸಿರಿಗೆ ಮೇಲೆ ಬಂದಾಗ ಅವರೊಬ್ಬರೇ ನೀರಿಗಿಳಿದು, ಕಾಲೆತ್ತದೆ ಜಾರಿಸುತ್ತಾ ಹತ್ತಿರವಾದರು. ಬಲೆ ಬಿತ್ತು. ಕೊರಮೀನಿನ ಬುದ್ಧಿ ಎಂದರೆ ಬಲೆ ಬಿದ್ದೊಡನೆ ಕೆಸರಿಗೆ ತಲೆ ತೂರಿಸಿ ಅಡಿಯಿಂದ ಪಾರಾಗುವುದು. ಅದಕ್ಕೆ ಬಲೆಯ ಅಂಚಿನ ಸೀಸದ ಗುಂಡುಗಳನ್ನು ಆರು ಜನ ಸುತ್ತ ನಿಂತು ಕಾಲಿನಿಂದ ಒತ್ತಿ ಹಿಡಿಯಬೇಕು. ಒಬ್ಬ ಒಳಗೆ ಕೈ ತೂರಿಸಿ ತಡಕಬೇಕು. ನಾನೂ ಪ್ಯಾಂಟು ಮಡಿಚಿ ನಿಂತೆ. ನನ್ನ ಕಾಲಡಿಯಲ್ಲೇ ಏನೋ ದಪ್ಪಗೆ ಹೊರಳಿತು. “ಬಿಡ್ಬೇಡ, ತುಳಿ, ತುಳಿ!” ಎಂದು ದಡದಿಂದ ಅಕ್ಕ ಕೂಗಿದರು. ಮೊಳಕೈಯುದ್ದದ ಎರಡು ಮೀನು ಸಿಕ್ಕವು.

ಮರಿಗಳು ಬಲೆಯ ಕಣ್ಣಿನಿಂದ ನುಸುಳುತ್ತಿದ್ದವು. ಅವಕ್ಕೆ ಸೀರೆ. ಮಗ್ಗದಲ್ಲಿ ಎಳೆ ತಪ್ಪಿ ಮಾರಾಟಕ್ಕೆ ಬಾರದ ಆರ್ಟ್‌ಸಿಲ್ಕ್ ಸೀರೆಗಳನ್ನು ಅಕ್ಕ ದೊಡ್ಡಬಳ್ಳಾಪುರದಿಂದ ತಂದಿಟ್ಟುಕೊಂಡಿದ್ದರು. ನಾಲ್ಕು ಜನ ನಾಲ್ಕು ಮೂಲೆ ಹಿಡಿದು, ಹಿಂಡಿನ ಅಡಿಗೆ ತೂರಿಸಿ, ಸರಕ್ಕನೆ ಎತ್ತಬೇಕು. ನೀರು ಇಳಿದುಹೋಗಿ ಸೀರೆಯ ಮಧ್ಯದಲ್ಲಿ ಕೆಂಪು ಮರಿಗಳು ಹಿಡಿ ತುಂಬ ಉಳಿಯುತ್ತಿದ್ದವು. ಕೊಡಕ್ಕೆ ತುಂಬಿ ಊರಾಚೆಯ ಕುಂಟೆಗೆ ಸಾಗಿಸಿದೆವು. ಸೋಮವಾರ ಎರಡು ಹಿಂಡು. ಮಂಗಳವಾರ ಒಂದು. ನಾಲ್ಕನೆಯದು ಬುಧವಾರ ಮಧ್ಯಾಹ್ನದವರೆಗೆ ಆಟ ಆಡಿಸಿ, ಕೊನೆಗೆ ನಾವು ಗುದ್ದಲಿ ತಾಗಿಸದೆ ಬಿಟ್ಟಿದ್ದ ಮೂಲೆಯಲ್ಲಿ ಸಿಕ್ಕಿತು.

ಸಂಜೆ ಮಸ್ಟರ್ ರೋಲಿನಲ್ಲಿ ‘ಕೆಲಸದ ವಿವರ’ ಎಂಬ ಕಾಲಮ್ಮಿನಲ್ಲಿ ಬರೆಯಬೇಕಾಗಿ ಬಂತು. ಸ್ವಲ್ಪ ಯೋಚಿಸಿ, ‘ಶೋಲ್ ತೆಗೆಯುವ ಕೆಲಸ, ಪೂರ್ಣ’ ಎಂದು ಬರೆದೆ.

ಒಂದಕ್ಷರ ಸುಳ್ಳಿಲ್ಲ. ಸಾಹೇಬರು ಓದಿ, “ಗುಡ್, ಈಗ ಬುದ್ಧಿ ಬಂತು,” ಅಂದರು. ಅವರದೇ ಪದದಿಂದ ಅವರ ಕಣ್ಣಿಗೆ ಮಣ್ಣೆರಚಿದೆ ಎಂದು ನಾನು ಎಷ್ಟೋ ದಿನ ಒಳಗೊಳಗೇ ಬೀಗಿದ್ದುಂಟು. ಆ ಬೀಗುವಿಕೆಯನ್ನು ಈಗ ನೆನೆದರೆ ಸಾಹೇಬರ ಮೇಲಿರುವಷ್ಟೇ ತಿರಸ್ಕಾರ ನನ್ನ ಮೇಲೂ ಬರುತ್ತದೆ. ಪದಕ್ಕೆ ಎರಡು ಅರ್ಥ ಇದ್ದದ್ದರಿಂದ ನಾನು ಬಾಯಿ ಬಿಟ್ಟು ಒಂದನ್ನೂ ಹೇಳದೆ ತಪ್ಪಿಸಿಕೊಂಡಿದ್ದೆ, ಅಷ್ಟೆ.

ಗುರುವಾರ ಮರಿ ಬಂತು. ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲಗಳನ್ನು ಬಿಚ್ಚದೆ ಕೆರೆಯ ನೀರಿನ ಮೇಲೆ ತೇಲಬಿಟ್ಟು ಕಾದೆವು, ಒಳಗಿನ ನೀರು ಹೊರಗಿನಷ್ಟೇ ಬೆಚ್ಚಗಾಗಲಿ ಎಂದು. ಆಮೇಲೆ ಬಾಯಿ ಬಿಚ್ಚಿ, ಕೆರೆ ನೀರನ್ನು ಬೊಗಸೆಯಲ್ಲಿ ಸೇರಿಸುತ್ತಾ ಓರೆ ಮಾಡಿದೆವು. ಕಾಟ್ಲಾ, ರೋಹು, ಗೆಂಡೆ ಮರಿಗಳು ತಾವಾಗಿ ಈಜಿ ಹೊರಬಂದು, ಮೊಣಕಾಲುದ್ದದ ಬೆಚ್ಚನೆ ನೀರಿನಲ್ಲೇ ನಿಂತವು. ಸಾಹೇಬರು ತೆಗೆಯಲು ಹೇಳಿದ್ದು ಇದೇ ನೀರನ್ನು.

ಎರಡು ತಿಂಗಳಿಗೆ ನನ್ನ ಕಾಯಂ ಆದೇಶವೂ ಬಂತು.

ಮಾರ್ಚ್ ತಿಂಗಳಲ್ಲಿ ಸಾಹೇಬರಿಗೆ ಆ ಕೆರೆಯ ನೆನಪಾಯಿತು. ತೆಳುನೀರನ್ನು ತೆಗೆದ ಮಾದರಿ ಕೆರೆ ಎಂದು ಅವರು ವರದಿ ಕಳಿಸಿದ್ದರು, ಅದನ್ನು ನೋಡಲು ಬೆಂಗಳೂರಿನಿಂದ ಸಮಿತಿ ಬರುವುದಿತ್ತು. ಮುನ್ನಾ ವಾರ ನನ್ನನ್ನು ಜೀಪಿನಲ್ಲಿ ಹತ್ತಿಸಿಕೊಂಡು ಹೋದರು. ಬೇಸಿಗೆಗೆ ಕೆರೆ ಇಳಿದಿತ್ತು. ಸುತ್ತ ಅಗಲಕ್ಕೆ ತೆಳುನೀರು, ಅದರಲ್ಲಿ ಊರಿನ ದನಗಳೆಲ್ಲ ನಿಂತು ಬಾಲ ಬೀಸುತ್ತಿದ್ದವು.

“ಏನ್ರೀ ಇದು?”

“ಕೆರೆ ಸಾರ್.”

“ತೆಗೆದಾಗಿದೆ ಅಂತ ಬರೆದಿದ್ದೀರಲ್ರೀ! ಪೂರ್ಣ ಅಂತ ಬರೆದಿದ್ದೀರಿ!”

ನಿಜ ಹೇಳಲು ಅದೇ ಸರಿಯಾದ ಹೊತ್ತಾಗಿತ್ತು. ನಾನು ಬಾಯಿ ಬಿಡುವಷ್ಟರಲ್ಲಿ ಅವರೇ ಪರಿಹಾರ ಹುಡುಕಿದರು. “ಶನಿವಾರದೊಳಗೆ ಅಗೆಸಿಬಿಡಿ. ಟ್ರಾಕ್ಟರ್ ಹಾಕಿಸಿ. ವರದೀಲಿ ಇದ್ದಂಗೆ ಕೆರೆ ಇರಬೇಕು.”

ಯಜಮಾನರು ಕಟ್ಟೆಯ ಮೇಲೆ ಕುಕ್ಕರಗಾಲಲ್ಲಿ ಕೂತು ಎಲ್ಲ ಕೇಳಿಸಿಕೊಂಡಿದ್ದರು. ಜೀಪು ಹೊರಟ ಮೇಲೂ ನಾನು ಅಲ್ಲೇ ಉಳಿದೆ.

“ನಡುಗೆರೇಲಿ ಕಿಕ್ಕಿರಿದವೆ ಮೀನು,” ಅಂದರು. “ಸೇರು ತೂಕ ದಾಟವೆ. ಇರೋ ಅಷ್ಟ್ ನೀರಿಗೆ ಈಗ ರಾಡಿ ಎಬ್ಬಿಸಿದ್ರೆ ಉಸಿರು ಕಟ್ಟಿ ಒಂದೇ ದಿನಕ್ಕೆ ಹೊಟ್ಟೆ ಮ್ಯಾಲಾಗಿ ತೇಲ್ತವೆ. ಇನ್ ಇಪ್ಪತ್ ದಿನ ಬಿಟ್ರೆ ಬಲೆ ಎಳೀತೀವಿ. ಹೇಳೋಕಾಗಲ್ವಾ ಅವರ್ಗೆ?”

ಪಕ್ಕದಲ್ಲಿ ಅಕ್ಕ ಇದ್ದರು. “ಅವರೇನ್ ಹೇಳ್ತಾರೆ ಬಿಡಣ್ಣ. ಸಾಹೇಬ್ರ ಮುಂದೆ ಅವರ್ ಬಾಯಿಗೆ ನೀರ್ ತುಂಬ್ಕೊಂತದೆ. ಅದೂ ಆಳ ಇಲ್ದಿದ್ ನೀರು.”

ಕಾಲೇಜಿನಲ್ಲಿ, ಕಚೇರಿಯಲ್ಲಿ ಎಷ್ಟೋ ಮಂದಿ ನನ್ನನ್ನು ಆಡಿಕೊಂಡಿದ್ದರು. ಅವರಲ್ಲಿ ಯಾರ ಮಾತೂ ಇಷ್ಟು ಸರಿಯಾಗಿ ತಾಗಿರಲಿಲ್ಲ.

ಮರುದಿನ ಬೆಳಿಗ್ಗೆಯ ರೈಲಿಗೆ ಬೆಂಗಳೂರಿಗೆ ಹೋದೆ. ಆರನೆಯ ಹಾಳೆ, ಏಳನೆಯ ಹಾಳೆ ಎರಡನ್ನೂ ಒಂದಕ್ಕೊಂದು ಪಿನ್ನು ಹಾಕಿ ಜೇಬಿನಲ್ಲಿಟ್ಟಿದ್ದೆ. ನಮ್ಮ ಸಾಹೇಬರ ಮೇಲಿನ ಸಾಹೇಬರ ಕೋಣೆಯ ಹೊರಗೆ ಮೂರು ಗಂಟೆ ಬೆಂಚಿನ ಮೇಲೆ ಕೂತೆ. ಒಳಗೆ ಕರೆದಾಗ ಆದದ್ದನ್ನೆಲ್ಲ ಹೇಳಿದೆ: ಪದ, ಕೆಂಪು ಪೆನ್ನು, ನನ್ನ ಸಹಿ, ಮಸ್ಟರ್ ರೋಲಿನ ಆಟ. ಅವರು ಎರಡು ಹಾಳೆಯನ್ನೂ ಓದಿದರು. ಅದು ಅವರಿಗೆ ಬಹಳ ತಮಾಷೆಯಾಗಿ ಕಂಡಿತು. ಪಕ್ಕದ ಕೋಣೆಯ ಇನ್ನೊಬ್ಬರನ್ನು ಕರೆಸಿ ಅವರಿಗೂ ಓದಿಸಿ ನಕ್ಕರು. ಚಹಾ ತರಿಸಿದರು, ನನಗಲ್ಲ.

“ಶೋಲ್‌ಗೆ ಎರಡೂ ಅರ್ಥ ಇದೆಯಲ್ಲಪ್ಪಾ. ಹಾಗಾದ್ರೆ ಅವರೂ ಸರಿ, ನೀನೂ ಸರಿ.”

“ಮೀನಿಗೆ ಒಂದೇ ಅರ್ಥ ಸಾರ್,” ಅಂದೆ. “ಶನಿವಾರ ಅಗೆದರೆ ಸಾಯ್ತವೆ.”

ನಗು ನಿಂತಿತು. ನಾನು ಹೇಳಿದ್ದನ್ನೆಲ್ಲ ಬರೆದುಕೊಡುವೆಯಾ, ಮಸ್ಟರ್ ರೋಲಿನಲ್ಲಿ ದಾರಿ ತಪ್ಪಿಸುವಂತೆ ನಮೂದಿಸಿದೆ ಎಂಬುದನ್ನೂ ಸೇರಿಸಿ, ಎಂದು ಕೇಳಿದರು. ಬರೆಯದೆ ಅವರು ಕೈ ಹಾಕುವುದಿಲ್ಲವಂತೆ. ಹಾಳೆ ಕೇಳಿ ಪಡೆದು, ಅಲ್ಲೇ ಬೆಂಚಿನ ಮೇಲೆ ಕೂತು ಕನ್ನಡದಲ್ಲಿ ಬರೆದೆ. ಎರಡೂವರೆ ಪುಟವಾಯಿತು. ಸಹಿ ಹಾಕಿದೆ. ಅಗೆತ ನಿಲ್ಲಿಸುವಂತೆ ಶುಕ್ರವಾರ ತಂತಿ ಬಂತು. ಸಮಿತಿ ಬರಲೇ ಇಲ್ಲ.

ನಮ್ಮ ಸಾಹೇಬರು ನನ್ನೊಂದಿಗೆ ಮಾತು ಬಿಟ್ಟರು, ಕಾಗದದಲ್ಲಿ ಮಾತ್ರ ಮಾತಾಡಿದರು. ನನ್ನ ಕಾಯಂ ಆದೇಶವನ್ನು ಏಕೆ ಹಿಂಪಡೆಯಬಾರದು ಎಂದು ನೋಟಿಸು. ಅದರಲ್ಲಿ ಮೂರು ಆಪಾದನೆ. ಮಸ್ಟರ್ ರೋಲಿನ ನಮೂದು ಒಂದು, ಅದು ನ್ಯಾಯವೇ. ಅನುಮತಿಯಿಲ್ಲದೆ ಮೇಲಿನವರನ್ನು ಕಂಡದ್ದು ಇನ್ನೊಂದು. ಮೂರನೆಯದನ್ನು ನಾನು ಎರಡು ಸಲ ಓದಿದೆ: ‘ಸದರಿ ಕೆರೆಯಲ್ಲಿ ಆಳವಿಲ್ಲದ ನೀರನ್ನು ಮೇಲಧಿಕಾರಿಗಳ ಗಮನಕ್ಕೆ ತಾರದೆ ಉಳಿಸಿಕೊಂಡಿರುವುದು.’ ಉತ್ತರಕ್ಕೆ ಒಂದು ತಿಂಗಳ ಗಡುವು.

ಗುಮಾಸ್ತರು ಕ್ಷಮಾಪಣೆಯ ಒಂದು ನಮೂನೆಯನ್ನೇ ಟೈಪು ಮಾಡಿಸಿ ತಂದರು. “ಇಂಗ್ಲಿಷಲ್ಲಿ ತಪ್ಪು ತಿಳ್ಕೊಂಡೆ ಅಂತ ಬರ್ದ್‌ಬಿಡಿ ಗುರು. ನೀವು ಹಳ್ಳಿ ಕಡೆಯೋರು, ನಂಬ್ತಾರೆ.” ನಾನು ಅದನ್ನು ಮಡಿಚಿ ಅವರಿಗೇ ಕೊಟ್ಟೆ. ಬಲೆ ಎಳೆಯುವ ತನಕ ಏನೂ ಬರೆಯಲಿಲ್ಲ.

ಏಪ್ರಿಲ್‌ನಲ್ಲಿ ಮೂರು ದಿನ ಎಳೆಬಲೆ ಹಾಕಿದರು. ನಾನು ರಜೆ ಹಾಕಿ ಹೋಗಿ ಹಗ್ಗಕ್ಕೆ ಕೈ ಕೊಟ್ಟೆ. ಮೊದಲ ಎಳೆತದಲ್ಲೇ ಬಲೆಯ ಹೊಟ್ಟೆ ದಡಕ್ಕೆ ಬರಲು ಹದಿನಾರು ಜನ ಬೇಕಾದರು. ಕಾಟ್ಲಾಗಳ ಬಿಳಿ ಹೊಟ್ಟೆ, ಗೆಂಡೆಗಳ ಹೊಂಬಣ್ಣ. ಕೊರಮೀನು ಎಣಿಸಿ ಐದು. ಅಕ್ಕ ಬುಟ್ಟಿ ತುಂಬುತ್ತಾ ಒಮ್ಮೆ ತಲೆಯೆತ್ತಿ ನನ್ನನ್ನು ನೋಡಿ, “ಪ್ಯಾಂಟು ಇನ್ನೊಂದ್ ಮಡಿಕೆ ಮಡ್ಚು, ಕೆಸರಾಯ್ತದೆ,” ಅಂದರು. ಹರಾಜಿನ ಮಾತು ನಿಂತಿತು. ಕೆರೆ ಸಂಘದಲ್ಲೇ ಉಳಿಯಿತು.

ನಾಲ್ಕನೆಯ ದಿನ ಕಚೇರಿಗೆ ಬಂದು ಉತ್ತರ ಬರೆದೆ. ಮೂರು ಆಪಾದನೆಗಳನ್ನೂ ಒಪ್ಪಿಕೊಂಡಿದ್ದೇನೆ ಎಂದೆ. ಆಮೇಲೆ ಹೊಸ ಸಾಲು ಹಿಡಿದು ಬರೆದೆ: ‘ಕರಪತ್ರದ ವಾಕ್ಯ ತಪ್ಪೆಂದು ತಿಳಿದೂ ಬರೆದು, ಅದಕ್ಕೆ ನಾನು ಸಹಿ ಹಾಕಿದ್ದೇನೆ. ಈ ಆಪಾದನೆ ನಿಮ್ಮ ಪಟ್ಟಿಯಲ್ಲಿ ಬಿಟ್ಟುಹೋಗಿದೆ. ದಯವಿಟ್ಟು ಸೇರಿಸಿಕೊಳ್ಳುವುದು.’